ದಾರಿಯಲ್ಲಿ ನಿಂತ ಸ್ಕೂಟರ್: ಕಾರಣಗಳು ಮತ್ತು ಪರಿಹಾರ ಕ್ರಮ

ಹೊರನಾಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ನಿತ್ಯಜೀವನದಲ್ಲಿ ಸ್ಕೂಟರಿಗೆ ವಿಶೇಷ ಸ್ಥಾನವಿದೆ. ಮಕ್ಕಳನ್ನು ಶಾಲೆಗೆ ಬಿಡುವುದು, ರೈಲು ನಿಲ್ದಾಣ ತಲುಪುವುದು, ಮಾರುಕಟ್ಟೆಯಿಂದ ಸಾಮಾನು ತರುವುದು, ಸಂಜೆ ಸಂಘದ ಕಾರ್ಯಕ್ರಮಕ್ಕೆ ಹೋಗಿಬರುವುದು, ಎಲ್ಲಕ್ಕೂ ಅದೇ ಆಧಾರ. ಇಂಥ ವಾಹನವು ನಡುದಾರಿಯಲ್ಲಿ ಏಕಾಏಕಿ ನಿಂತು, ಮತ್ತೆ ಚಾಲೂ ಆಗದೆ ಹೋದರೆ ಉಂಟಾಗುವ ಪರದಾಟ ಅಷ್ಟಿಷ್ಟಲ್ಲ. ಹಿಂದೆ ಮಗುವನ್ನೋ ವಯಸ್ಸಾದವರನ್ನೋ ಕೂರಿಸಿಕೊಂಡಿದ್ದರಂತೂ ಅದು ಕೇವಲ ಅನನುಕೂಲವಾಗಿ ಉಳಿಯದೆ ಅಪಾಯವೂ ಆಗುತ್ತದೆ.

ಅಂಥ ಸಂದರ್ಭದಲ್ಲಿ ನಾವು ಸಾಮಾನ್ಯವಾಗಿ ಮಾಡುವುದು ಎರಡೇ ಕೆಲಸ. ಸೆಲ್ಫ್ ಗುಂಡಿಯನ್ನು ಬ್ಯಾಟರಿ ಸೋಲುವವರೆಗೆ ಒತ್ತುವುದು; ಆ ಬಳಿಕ ಬೆವರಿಳಿಯುವವರೆಗೆ ಕಿಕ್ ಹೊಡೆಯುವುದು. ಇವೆರಡರಿಂದ ಪ್ರಯೋಜನ ಕಡಿಮೆ, ಕೆಲವೊಮ್ಮೆ ಹಾನಿಯೇ ಹೆಚ್ಚು. ಸ್ಕೂಟರ್ ಏಕೆ ನಿಂತಿತು ಎಂಬುದಕ್ಕೆ ಉತ್ತರವು ಬಹುಮಟ್ಟಿಗೆ ಅದು ಹೇಗೆ ನಿಂತಿತು ಎಂಬುದರಲ್ಲಿಯೇ ಅಡಗಿರುತ್ತದೆ. ಅದನ್ನು ಗಮನಿಸಿ, ಸುಲಭವಾದ ಪರೀಕ್ಷೆಯಿಂದ ಕಠಿಣವಾದುದರ ಕಡೆಗೆ ಕ್ರಮವಾಗಿ ನಡೆದರೆ ಅನೇಕ ಸಲ ಗ್ಯಾರೇಜಿನ ಸಹಾಯವಿಲ್ಲದೆಯೇ ಮನೆ ಸೇರಬಹುದು. ಸೇರಲಾಗದಿದ್ದರೂ ಎಂಜಿನ್ನಿಗೆ ಹೆಚ್ಚಿನ ಹಾನಿಯಾಗದಂತೆ ತಡೆಯಬಹುದು. ಈ ಕ್ರಮವನ್ನು ಓದುಗರ ಅನುಕೂಲಕ್ಕಾಗಿ ಇಲ್ಲಿ ವಿವರಿಸುತ್ತಿದ್ದೇವೆ. ವಿದ್ಯುಚ್ಚಾಲಿತ ಸ್ಕೂಟರುಗಳ ವಿಚಾರವೇ ಬೇರೆ. ಈ ಲೇಖನ ಪೆಟ್ರೋಲ್ ಸ್ಕೂಟರುಗಳಿಗೆ ಮಾತ್ರ ಸಂಬಂಧಿಸಿದ್ದು.

ಮೊದಲು ಸುರಕ್ಷತೆ

ಗಾಡಿ ಸೋಲುತ್ತಿದೆ ಎನಿಸಿದ ಕೂಡಲೇ ಇಂಡಿಕೇಟರ್ ಹಾಕಿ, ಹಿಂದಿನ ವಾಹನಗಳನ್ನು ನೋಡಿಕೊಂಡು, ಉಳಿದಿರುವ ವೇಗದಲ್ಲಿಯೇ ರಸ್ತೆಯ ಎಡಬದಿಗೆ ಸರಿಯಬೇಕು. ಮೇಲ್ಸೇತುವೆಯ ಮೇಲಾಗಲಿ ತಿರುವಿನಲ್ಲಾಗಲಿ ನಿಂತು ರಿಪೇರಿಗೆ ತೊಡಗಬಾರದು. ಸಮತಟ್ಟಾದ, ಬೆಳಕಿರುವ ಜಾಗದವರೆಗೆ ಗಾಡಿಯನ್ನು ತಳ್ಳಿಕೊಂಡು ಹೋಗುವುದೇ ಲೇಸು. ಹಿಂದೆ ಕುಳಿತವರನ್ನು ಮೊದಲು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಬೇಕು. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಬಳಿಕವೇ ಪರೀಕ್ಷೆ ಪ್ರಾರಂಭವಾಗಬೇಕು.

ಪೆಟ್ರೋಲ್ ವಾಸನೆ ಗಾಢವಾಗಿ ಬರುತ್ತಿದ್ದರೆ, ಅಥವಾ ನೆಲದ ಮೇಲೆ ತೊಟ್ಟಿಕ್ಕುತ್ತಿದ್ದರೆ ಕೀಲಿಯನ್ನು ತೆಗೆದು ದೂರ ನಿಲ್ಲಬೇಕು. ಚಾಲೂ ಮಾಡುವ ಯತ್ನವನ್ನೇ ಮಾಡಬಾರದು. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆ ಎಂದು ನೋಡಲು ಬೆಂಕಿಕಡ್ಡಿ, ಲೈಟರುಗಳನ್ನು ಹತ್ತಿರ ತರುವುದಂತೂ ಸರ್ವಥಾ ಸಲ್ಲದು.

ಎಂಜಿನ್ ನಡೆಯಲು ಬೇಕಾದುದೇನು?

ಪೆಟ್ರೋಲ್ ಎಂಜಿನ್ ಎಷ್ಟೇ ಆಧುನಿಕವಾಗಿದ್ದರೂ ಅದಕ್ಕೆ ಬೇಕಾದುದು ನಾಲ್ಕು: ಸರಿಯಾದ ಪ್ರಮಾಣದ ಪೆಟ್ರೋಲ್, ಅದರೊಂದಿಗೆ ಬೆರೆಯಲು ಗಾಳಿ, ಮಿಶ್ರಣವನ್ನು ಹೊತ್ತಿಸಲು ಪ್ಲಗ್ಗಿನ ಕಿಡಿ, ಹೊತ್ತಿಸುವ ಮುನ್ನ ಆ ಮಿಶ್ರಣವನ್ನು ಅದುಮುವ ಒತ್ತಡ. ಈ ಒತ್ತಡವನ್ನೇ ಮೆಕ್ಯಾನಿಕರು ಕಂಪ್ರೆಷನ್ ಎನ್ನುತ್ತಾರೆ. ನಾಲ್ಕರಲ್ಲಿ ಒಂದು ತಪ್ಪಿದರೂ ಎಂಜಿನ್ ನಿಲ್ಲುತ್ತದೆ. ಆದುದರಿಂದ ಇಡೀ ಪರೀಕ್ಷೆಯ ಉದ್ದೇಶ ಒಂದೇ: ಈ ನಾಲ್ಕರಲ್ಲಿ ಯಾವುದು ತಪ್ಪಿದೆ ಎಂಬುದನ್ನು ಕಂಡುಕೊಳ್ಳುವುದು.

ನಮ್ಮ ಸ್ಕೂಟರ್ ಯಾವ ಬಗೆಯದು?

ಪರೀಕ್ಷಿಸುವ ಮುನ್ನ ನಮ್ಮ ಗಾಡಿ ಯಾವ ತಲೆಮಾರಿನದು ಎಂಬುದು ತಿಳಿದಿರಬೇಕು. ಒಂದಕ್ಕೆ ಸಲ್ಲುವ ಉಪಾಯ ಇನ್ನೊಂದಕ್ಕೆ ಸಲ್ಲುವುದಿಲ್ಲ.

ಮೊದಲನೆಯದು ಗೇರುಗಳುಳ್ಳ ಟೂ ಸ್ಟ್ರೋಕ್ ಸ್ಕೂಟರ್. 1972ರಲ್ಲಿ ಪುಣೆಯ ಬಜಾಜ್ ಕಾರ್ಖಾನೆಯಿಂದ ಹೊರಬಂದ ಚೇತಕ್ ಇದಕ್ಕೆ ಉತ್ತಮ ನಿದರ್ಶನ. ಪೆಟ್ರೋಲಿಗೆ ಆಯಿಲ್ ಬೆರೆಸುವುದು, ಪೆಟ್ರೋಲ್ ನಲ್ಲಿಯನ್ನು ಕೈಯಿಂದ ತಿರುಗಿಸುವುದು, ಚೋಕ್ ಎಳೆಯುವುದು, ಕಿಕ್ ಹೊಡೆಯುವ ಮುನ್ನ ಗಾಡಿಯನ್ನು ಒಂದು ಬದಿಗೆ ಓರೆಮಾಡುವುದು ಇವೆಲ್ಲ ಆ ಕಾಲದ ವಾಡಿಕೆಗಳು. ಇಂದಿಗೂ ಕೆಲವು ಮನೆಗಳಲ್ಲಿ ತಂದೆಯವರ ನೆನಪಿಗಾಗಿ ಈ ಗಾಡಿಯನ್ನು ಜತನದಿಂದ ಉಳಿಸಿಕೊಂಡವರಿದ್ದಾರೆ.

ಎರಡನೆಯದು ಕಾರ್ಬುರೇಟರ್ ಇರುವ ಗೇರುರಹಿತ ಸ್ಕೂಟರ್. 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ ತೋರಿಸಿಕೊಟ್ಟ ಈ ಮಾರ್ಗವನ್ನು 2001ರ ಸುಮಾರಿಗೆ ಬಂದ ಆಕ್ಟಿವಾ ಮನೆಮಾತಾಗಿಸಿತು. ಇವುಗಳಲ್ಲಿ ಸೆಲ್ಫ್ ಮತ್ತು ಕಿಕ್ ಎರಡೂ ಇರುತ್ತವೆ.

ಮೂರನೆಯದು ಫ್ಯುಯೆಲ್ ಇಂಜೆಕ್ಷನ್ ಸ್ಕೂಟರ್. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಮಾನದಂಡ ಜಾರಿಗೆ ಬಂದ ಬಳಿಕ ಹೊಸ ಸ್ಕೂಟರುಗಳಲ್ಲಿ ಕಾರ್ಬುರೇಟರಿನ ಬದಲು ಇದೇ ಬಳಕೆಗೆ ಬಂದಿದೆ. ಟ್ಯಾಂಕಿನೊಳಗಿನ ಚಿಕ್ಕ ವಿದ್ಯುತ್ ಪಂಪು ಪೆಟ್ರೋಲನ್ನು ಒತ್ತಿ ಕಳಿಸುತ್ತದೆ. ಎಷ್ಟು ಚಿಮ್ಮಿಸಬೇಕೆಂಬುದನ್ನು ಒಂದು ಪುಟ್ಟ ಗಣಕ ನಿರ್ಧರಿಸುತ್ತದೆ. ಆದುದರಿಂದ ಇಲ್ಲಿ ಬ್ಯಾಟರಿಯ ಪಾತ್ರ ಬಹು ದೊಡ್ಡದು. ಇತ್ತೀಚಿನ ಕೆಲವು ಮಾದರಿಗಳಲ್ಲಿ ಕಿಕ್ಕೇ ಇರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ತಳ್ಳಿ ಚಾಲೂ ಮಾಡುವ ಹಳೆಯ ಉಪಾಯವು ಗೇರಿನ ಸ್ಕೂಟರಿಗೆ ಮಾತ್ರ ಅನ್ವಯಿಸುತ್ತದೆ. ಗೇರುರಹಿತ ಗಾಡಿಯಲ್ಲಿ ಎಂಜಿನ್ ತಾನಾಗಿ ವೇಗವಾಗಿ ತಿರುಗಿದಾಗ ಮಾತ್ರ ಕ್ಲಚ್ ಹಿಡಿಯುತ್ತದೆ. ಚಕ್ರ ತಿರುಗಿಸಿದರೆ ಎಂಜಿನ್ ತಿರುಗುವುದಿಲ್ಲ. ಅದನ್ನು ಎಷ್ಟು ದೂರ ತಳ್ಳಿದರೂ ದಣಿವಷ್ಟೇ ಫಲ.

ಗಾಡಿ ಹೇಗೆ ನಿಂತಿತು?

ಕೀಲಿ ತಿರುಗಿಸುವ ಮೊದಲು ಒಂದು ನಿಮಿಷ ನಿಂತು, ನಿಂತ ಬಗೆಯನ್ನು ನೆನಪಿಗೆ ತಂದುಕೊಳ್ಳಬೇಕು.

ಸ್ವಿಚ್ ತೆಗೆದಂತೆ ಒಂದೇ ಸಲಕ್ಕೆ ನಿಂತಿದ್ದರೆ ಸಂಶಯ ವಿದ್ಯುತ್ ಭಾಗದ ಮೇಲೆ. ಫ್ಯೂಸ್ ಹೋಗಿರಬಹುದು, ಪ್ಲಗ್ಗಿನ ಟೊಪ್ಪಿ ಕಳಚಿರಬಹುದು, ಬ್ಯಾಟರಿಯ ತಂತಿ ಸಡಿಲವಾಗಿರಬಹುದು.

ಮುಗ್ಗರಿಸುತ್ತಾ, ಎಕ್ಸಲರೇಟರ್ ತಿರುಗಿಸಿದರೂ ಬಲ ಬಾರದೆ ನಿಧಾನವಾಗಿ ಸೋತು ನಿಂತಿದ್ದರೆ ಪೆಟ್ರೋಲ್ ಸರಿಯಾಗಿ ತಲುಪುತ್ತಿಲ್ಲ. ಟ್ಯಾಂಕ್ ಖಾಲಿಯಾಗಿರಬಹುದು, ಕೊಳವೆ ಅಥವಾ ಕಾರ್ಬುರೇಟರಿನಲ್ಲಿ ಕಸ ಸಿಕ್ಕಿರಬಹುದು.

ಕೆಲವು ಕಿಲೋಮೀಟರ್ ಓಡಿದ ಬಳಿಕ ನಿಂತು, ಸ್ವಲ್ಪ ಹೊತ್ತು ಬಿಟ್ಟು ತಾನಾಗಿ ಚಾಲೂ ಆಗಿ, ಮತ್ತೆ ಅಷ್ಟೇ ದೂರಕ್ಕೆ ನಿಲ್ಲುವ ಗಾಡಿಗಳಿವೆ. ಇದಕ್ಕೆ ಎರಡು ಮುಖ್ಯ ಕಾರಣ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡರೆ ಪೆಟ್ರೋಲ್ ಇಳಿದಂತೆಲ್ಲ ಒಳಗೆ ನಿರ್ವಾತ ಉಂಟಾಗಿ ಇಳಿಯುವುದೇ ನಿಲ್ಲುತ್ತದೆ. ಇನ್ನೊಂದು, ಕಿಡಿ ಹುಟ್ಟಿಸುವ ಕಾಯಿಲ್ ಹಳತಾಗಿ ಬಿಸಿಯಾದೊಡನೆ ಕೈಕೊಡುವುದು. ಮುಚ್ಚಳ ತೆರೆದಾಗ ಸುಯ್ ಎಂದು ಗಾಳಿ ಒಳಗೆ ಎಳೆದ ಸದ್ದು ಕೇಳಿ, ಬಳಿಕ ಗಾಡಿ ಚಾಲೂ ಆದರೆ ಮೊದಲನೆಯದು. ಮುಚ್ಚಳದಿಂದ ಏನೂ ವ್ಯತ್ಯಾಸವಾಗದೆ, ಎಂಜಿನ್ ತಣಿದ ಮೇಲಷ್ಟೇ ಚಾಲೂ ಆದರೆ ಎರಡನೆಯದರ ಸಂಶಯ ಬಲವಾಗುತ್ತದೆ.

ಓಡುವಾಗ ಚೆನ್ನಾಗಿದ್ದು ಸಿಗ್ನಲ್ಲಿನಲ್ಲಿ ಮಾತ್ರ ನಿಲ್ಲುತ್ತಿದ್ದರೆ ನಿಧಾನಗತಿಯ ಹೊಂದಾಣಿಕೆ ಕೆಟ್ಟಿದೆ, ಅಥವಾ ಗಾಳಿ ಹೋಗುವ ದಾರಿಯಲ್ಲಿ ಕೊಳೆ ಕಟ್ಟಿದೆ ಎಂದರ್ಥ.

ಕರ್ಕಶ ಶಬ್ದದೊಂದಿಗೆ ಬಿಗಿಹಿಡಿದಂತೆ ನಿಂತಿದ್ದರೆ ಅದು ಗಂಭೀರ ಸ್ಥಿತಿ. ಆಯಿಲ್ ಸಾಲದೆ ಪಿಸ್ಟನ್ ಹಿಡಿದುಕೊಂಡಿರಬಹುದು. ಕೆಳಗಿನ ಪರೀಕ್ಷೆಗಳಾವುವೂ ಇದಕ್ಕೆ ಸಲ್ಲವು. ಗಾಡಿಯನ್ನು ಸಾಗಿಸಿಯೇ ಒಯ್ಯಬೇಕು.

ಹಂತ ಹಂತವಾಗಿ ಪರೀಕ್ಷೆ

1. ಸ್ವಿಚ್ಚುಗಳು. ಬಲಗೈಯ ಬಳಿ ಎಂಜಿನ್ ನಿಲ್ಲಿಸುವ ಕೆಂಪು ಗುಂಡಿ ಇದ್ದರೆ ಅದು ಅಕಸ್ಮಾತ್ತಾಗಿ ಒತ್ತಿಹೋಗಿದೆಯೇ ನೋಡಿ. ಈಚಿನ ಅನೇಕ ಸ್ಕೂಟರುಗಳಲ್ಲಿ ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ ಚಾಲೂ ಆಗುವುದಿಲ್ಲ. ಸ್ಟ್ಯಾಂಡ್ ಮೇಲಿದ್ದರೂ ಅದರ ಸ್ವಿಚ್ಚಿನಲ್ಲಿ ಕೆಸರು ತುಂಬಿದರೆ ಇಳಿದಿದೆ ಎಂದೇ ಗಾಡಿ ತಿಳಿಯುತ್ತದೆ. ಒಂದೆರಡು ಸಲ ಇಳಿಸಿ ಏರಿಸಿ ನೋಡಿ. ಸೆಲ್ಫ್ ಒತ್ತುವಾಗ ಬ್ರೇಕ್ ಪೂರ್ಣವಾಗಿ ಹಿಡಿದಿರಬೇಕು. ಗಾಡಿ ಬಿದ್ದು ಎದ್ದಿದ್ದರೆ, ಕೆಲವು ಇಂಜೆಕ್ಷನ್ ಮಾದರಿಗಳಲ್ಲಿ ಓರೆಯನ್ನು ಗುರುತಿಸುವ ಸಾಧನವು ಎಂಜಿನ್ನನ್ನು ತಡೆದಿರುತ್ತದೆ. ಕೀಲಿಯನ್ನು ಪೂರ್ತಿ ಮುಚ್ಚಿ ಮತ್ತೆ ತೆರೆದರೆ ಅದು ಸರಿಹೋಗುತ್ತದೆ. ಹಳೆಯ ಅಭ್ಯಾಸದಿಂದ ಹೊಸ ಗಾಡಿಯನ್ನು ಓರೆಮಾಡಿ ಕಿಕ್ ಹೊಡೆಯುವ ಹಿರಿಯರು ಇದನ್ನು ಗಮನಿಸಬೇಕು.

2. ಪೆಟ್ರೋಲ್. ಮುಳ್ಳನ್ನು ನಂಬದೆ ಮುಚ್ಚಳ ತೆರೆದು ಟಾರ್ಚಿನ ಬೆಳಕಿನಲ್ಲಿ ನೋಡುವುದೇ ಸರಿ. ಇಳಿಜಾರಿನಲ್ಲಿ ನಿಂತ ಗಾಡಿಯಲ್ಲಿ ಉಳಿದ ಅಲ್ಪ ಪೆಟ್ರೋಲ್ ಒಂದು ಮೂಲೆಗೆ ಸರಿದಿರಬಹುದು. ಹಳೆಯ ಗಾಡಿಯಲ್ಲಿ ನಲ್ಲಿ ತೆರೆದಿದೆಯೇ ನೋಡಿ, ಅಗತ್ಯವಿದ್ದರೆ ರಿಸರ್ವಿಗೆ ತಿರುಗಿಸಬೇಕು. ಗೇರುರಹಿತ ಕಾರ್ಬುರೇಟರ್ ಗಾಡಿಗಳಲ್ಲಿ ಹಲವಕ್ಕೆ ಎಂಜಿನ್ನಿನ ಎಳೆತದಿಂದಲೇ ತೆರೆಯುವ ನಲ್ಲಿ ಇರುತ್ತದೆ. ಪೂರ್ಣ ಖಾಲಿಯಾಗಿ ಹೊಸದಾಗಿ ತುಂಬಿಸಿದ ಮೇಲೆ ಪೆಟ್ರೋಲ್ ಇಳಿದುಬರಲು ಹಲವು ಕಿಕ್ ಬೇಕಾಗುತ್ತವೆ. ವರ್ಗಾವಣೆಯಾದಾಗ ರೈಲಿನಲ್ಲಿ ಸ್ಕೂಟರ್ ಕಳಿಸುವವರಿಗೆ ಇದು ಉಪಯುಕ್ತ ಮಾತು, ಏಕೆಂದರೆ ಟ್ಯಾಂಕ್ ಖಾಲಿ ಮಾಡಿಯೇ ರೈಲ್ವೆಗೆ ಒಪ್ಪಿಸಬೇಕಾಗುತ್ತದೆ.

3. ಬ್ಯಾಟರಿ ಮತ್ತು ಫ್ಯೂಸ್. ಕೀಲಿ ತೆರೆದು ಹಾರ್ನ್ ಒತ್ತಿ. ಸದ್ದು ಗಟ್ಟಿಯಾಗಿದ್ದರೆ ಬ್ಯಾಟರಿ ಬಹುಮಟ್ಟಿಗೆ ಸರಿಯಿದೆ. ಕ್ಷೀಣವಾಗಿದ್ದು, ಸೆಲ್ಫ್ ಒತ್ತಿದಾಗ ಟಕ್ ಟಕ್ ಎಂಬ ಸದ್ದಷ್ಟೇ ಬಂದರೆ ಬ್ಯಾಟರಿ ಸೋತಿದೆ. ಕಿಕ್ ಇದ್ದರೆ ಬಳಸಬೇಕು. ಮೀಟರಿನ ದೀಪಗಳೇ ಬಾರದಿದ್ದರೆ ಬ್ಯಾಟರಿ ಪೆಟ್ಟಿಗೆಯಲ್ಲಿರುವ ಫ್ಯೂಸ್ ನೋಡಬೇಕು. ಅನೇಕ ಗಾಡಿಗಳಲ್ಲಿ ಅಲ್ಲಿಯೇ ಹೆಚ್ಚುವರಿ ಫ್ಯೂಸ್ ಇಟ್ಟಿರುತ್ತಾರೆ. ಅದೇ ಆಂಪಿಯರಿನ ಫ್ಯೂಸ್ ಹಾಕಬೇಕೇ ಹೊರತು ಬೆಳ್ಳಿಕಾಗದವನ್ನಾಗಲಿ ತಂತಿಯನ್ನಾಗಲಿ ಸುತ್ತಬಾರದು. ಹೊಸ ಫ್ಯೂಸ್ ಸಹ ಒಡನೆಯೇ ಹೋದರೆ ಎಲ್ಲಿಯೋ ತಂತಿ ತಾಗುತ್ತಿದೆ, ಅಲ್ಲಿಗೆ ನಿಲ್ಲಿಸಬೇಕು.

ಇಂಜೆಕ್ಷನ್ ಗಾಡಿಯಲ್ಲಿ ಕೀಲಿ ತೆರೆದೊಡನೆ ಸೀಟಿನ ಕೆಳಗಿನಿಂದ ಒಂದೆರಡು ಸೆಕೆಂಡು ಗುಂಯ್ ಎಂಬ ಸಣ್ಣ ಸದ್ದು ಬರುತ್ತದೆ. ಅದು ಪೆಟ್ರೋಲ್ ಪಂಪಿನದು. ದೀಪಗಳಿದ್ದೂ ಆ ಸದ್ದು ಇಲ್ಲವಾದರೆ ಪಂಪು, ಅದರ ಫ್ಯೂಸ್ ಅಥವಾ ತಂತಿಯ ದೋಷವೆಂದು ತಿಳಿಯಬೇಕು. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪವು ಕೀಲಿ ತೆರೆದಾಗ ಹತ್ತಿ ಆರಬೇಕು. ಎಂಜಿನ್ ಓಡುವಾಗಲೂ ಅದು ಉರಿಯುತ್ತಿದ್ದರೆ, ಅಥವಾ ಮಿಟುಕುತ್ತಿದ್ದರೆ, ಗಣಕವು ದೋಷವನ್ನು ಗುರುತಿಸಿದೆ ಎಂದರ್ಥ.

4. ಓವರ್‌ಫ್ಲೋ. ಪದೇ ಪದೇ ಯತ್ನಿಸಿದ ಮೇಲೆ ಸೈಲೆನ್ಸರಿನ ಬಳಿ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಒಳಗೆ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಒದ್ದೆಯಾಗಿದೆ. ಚೋಕ್ ಮುಚ್ಚಿ, ಹತ್ತು ನಿಮಿಷ ಸುಮ್ಮನೆ ಬಿಡಿ. ಬಳಿಕ ಎಕ್ಸಲರೇಟರನ್ನು ಪೂರ್ತಿ ತಿರುಗಿಸಿ ಹಿಡಿದು ಕೆಲವು ಕಿಕ್ ಹೊಡೆಯಿರಿ, ಇಲ್ಲವೇ 5 ಸೆಕೆಂಡು ಸೆಲ್ಫ್ ಒತ್ತಿ. ಚಾಲೂ ಆದೊಡನೆ ಎಕ್ಸಲರೇಟರ್ ಬಿಡಬೇಕು. ಸೆಲ್ಫ್‌ನ್ನು ಯಾವಾಗಲೂ ಒಂದು ಸಲಕ್ಕೆ 5 ಸೆಕೆಂಡಿಗಿಂತ ಹೆಚ್ಚು ಒತ್ತದೆ, ನಡುವೆ ಕನಿಷ್ಠ 10 ಸೆಕೆಂಡು ಬಿಡುವು ಕೊಡಬೇಕು.

5. ಪ್ಲಗ್. ಎಂಜಿನ್ ತಣಿದ ಬಳಿಕವೇ ಇದಕ್ಕೆ ಕೈಹಾಕಬೇಕು. ಮೊದಲು ಪ್ಲಗ್ಗಿನ ಟೊಪ್ಪಿ ಬಿಗಿಯಾಗಿ ಕೂತಿದೆಯೇ ನೋಡಿ. ಹಳ್ಳಕೊಳ್ಳದ ರಸ್ತೆಯಲ್ಲಿ ಅದು ಸಡಿಲವಾಗುವುದುಂಟು. ಪ್ಲಗ್ ಬಿಚ್ಚಿದಾಗ ತುದಿಯ ಬಣ್ಣವೇ ಬಹಳಷ್ಟು ಹೇಳುತ್ತದೆ. ತಿಳಿ ಕಂದು ಬಣ್ಣ ಆರೋಗ್ಯದ ಲಕ್ಷಣ. ಒಣ ಕರಿ ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ನೋಡಿಸಬೇಕು. ಜಿಡ್ಡು ಜಿಡ್ಡಾಗಿ ಕಪ್ಪಾಗಿದ್ದರೆ ಆಯಿಲ್ ಒಳಸೇರುತ್ತಿದೆ. ಬಿಳಿಚಿಕೊಂಡಿದ್ದರೆ ಎಂಜಿನ್ ಮಿತಿಮೀರಿ ಕಾಯುತ್ತಿದೆ. ತುದಿಯ ಅಂತರ ಸಾಮಾನ್ಯವಾಗಿ 0.6ರಿಂದ 0.9 ಮಿಲಿಮೀಟರ್, ನಿಖರ ಸಂಖ್ಯೆ ಗಾಡಿಯ ಕೈಪಿಡಿಯಲ್ಲಿರುತ್ತದೆ. ಮರಳಿ ಹಾಕುವಾಗ ಮೊದಲು ಕೈಬೆರಳಿನಿಂದಲೇ ತಿರುಗಿಸಿ ಕೂರಿಸಿ, ಕೊನೆಗೆ ಪಾನಾ ಬಳಸಬೇಕು. ಓರೆಯಾಗಿ ಬಿಗಿದರೆ ಎಂಜಿನ್ನಿನ ಮರೆಯೇ ಹಾಳಾಗುತ್ತದೆ.

ಪ್ಲಗ್ ಬಿಚ್ಚಿ ಹೊರಗೆ ಕಿಡಿ ಹಾರಿಸಿ ನೋಡುವ ಪದ್ಧತಿ ಹಿಂದಿನಿಂದಲೂ ಇದೆ. ಪೆಟ್ರೋಲ್ ಆವಿ ಹೊರಬರುವ ರಂಧ್ರದ ಬಳಿ ಕಿಡಿ ಹಾರಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಇಂಜೆಕ್ಷನ್ ಗಾಡಿಗಳ ಗಣಕಕ್ಕೂ ಇದರಿಂದ ಹಾನಿಯಾಗಬಹುದು. ಆದುದರಿಂದ ಮನೆಯವರು ಈ ಪರೀಕ್ಷೆಗೆ ಹೋಗದೆ ಹೊಸ ಪ್ಲಗ್ ಹಾಕಿ ನೋಡುವುದೇ ಕ್ಷೇಮ.

6. ಒತ್ತಡ. ಕೀಲಿ ಮುಚ್ಚಿ ಕಿಕ್ಕನ್ನು ಕಾಲಿನಿಂದ ನಿಧಾನವಾಗಿ ಒತ್ತಿ. ಒಂದು ಹಂತದಲ್ಲಿ ಗಟ್ಟಿಯಾದ ಪ್ರತಿರೋಧ ಸಿಕ್ಕಿ ಬಳಿಕ ಇಳಿಯಬೇಕು. ಯಾವ ಪ್ರತಿರೋಧವೂ ಇಲ್ಲದೆ ಸಲೀಸಾಗಿ ಇಳಿದರೆ ಕಂಪ್ರೆಷನ್ ಹೋಗಿದೆ. ವಾಲ್ವ್ ಅಥವಾ ಪಿಸ್ಟನ್ ಉಂಗುರಗಳ ದೋಷವಿರಬಹುದು. ಅಲುಗದೆ ನಿಂತರೆ ಎಂಜಿನ್ ಹಿಡಿದುಕೊಂಡಿದೆ, ಇಲ್ಲವೇ ಒಳಗೆ ನೀರು ಹೊಕ್ಕಿದೆ. ಈ ಎರಡೂ ಸ್ಥಿತಿಗಳಲ್ಲಿ ಬಲಪ್ರಯೋಗ ಸಲ್ಲದು.

ಮಳೆನೀರಿನಲ್ಲಿ ನಿಂತ ಗಾಡಿ

ನಮ್ಮ ಓದುಗರು ವಾಸಿಸುವ ನಗರಗಳಿಗೆ ಈ ಭಾಗ ಅತಿ ಮುಖ್ಯವಾದುದು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. 2015ರ ಡಿಸೆಂಬರಿನಲ್ಲಿ ಚೆನ್ನೈ, 2020ರ ಅಕ್ಟೋಬರಿನಲ್ಲಿ ಹೈದರಾಬಾದ್ ಜಲಾವೃತವಾದವು. ಅಂಥ ಮಹಾಪೂರವೇ ಬೇಕೆಂದಿಲ್ಲ. ಪ್ರತಿ ಮಳೆಗಾಲವೂ ಈ ನಗರಗಳ ಕೆಳಸೇತುವೆಗಳಲ್ಲಿ ಮೊಣಕಾಲುದ್ದ ನೀರು ನಿಲ್ಲುವುದು ಸಾಮಾನ್ಯ.

ನೀರಿನಲ್ಲಿ ಗಾಡಿ ನಿಲ್ಲುವುದಕ್ಕೆ ಎರಡು ಕಾರಣಗಳಿವೆ. ಒಂದು, ಪ್ಲಗ್ಗಿನ ಟೊಪ್ಪಿಗೋ ತಂತಿಗೋ ನೀರು ಸಿಡಿದು ಕಿಡಿ ಸೋರಿಹೋಗುವುದು. ಇದು ಚಿಕ್ಕ ತೊಂದರೆ. ಒಣ ಬಟ್ಟೆಯಿಂದ ಒರೆಸಿ, ಆರಲು ಬಿಟ್ಟರೆ ಸರಿಯಾಗುತ್ತದೆ. ಇನ್ನೊಂದು, ಗಾಳಿ ಎಳೆಯುವ ದಾರಿಯಿಂದ ಎಂಜಿನ್ನಿನೊಳಗೇ ನೀರು ಹೊಗುವುದು. ಇದು ದೊಡ್ಡ ಅಪಾಯ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಒಳಗೆ ನೀರಿರುವಾಗ ಎಂಜಿನ್ನನ್ನು ಬಲವಂತವಾಗಿ ತಿರುಗಿಸಿದರೆ ಪಿಸ್ಟನ್ ಅರ್ಧದಲ್ಲಿಯೇ ತಡೆದು ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ಆಗ ರಿಪೇರಿಯ ಖರ್ಚು ಪ್ಲಗ್ಗಿನದಲ್ಲ, ಇಡೀ ಎಂಜಿನ್ನಿನದು. ಮುಳುಗಿದ ಎಂಜಿನ್ನನ್ನು ಚಾಲೂ ಮಾಡಿದ್ದರಿಂದಾದ ಹಾನಿಯನ್ನು ಅನೇಕ ವಿಮಾ ಪಾಲಿಸಿಗಳು ಪರಿಹಾರದಿಂದ ಹೊರಗಿಡುತ್ತವೆ ಎಂಬುದನ್ನೂ ತಿಳಿದಿರಬೇಕು.

ಆದುದರಿಂದ ನಿಯಮ ಸರಳವಾದುದು: ಸೈಲೆನ್ಸರ್ ಮುಳುಗುವಷ್ಟು ನೀರಿನಲ್ಲಿ ನಿಂತ ಗಾಡಿಗೆ ಸೆಲ್ಫ್ ಒತ್ತಬಾರದು, ಕಿಕ್ ಹೊಡೆಯಬಾರದು. ಕೀಲಿ ಮುಚ್ಚಿ, ಎತ್ತರದ ಜಾಗಕ್ಕೆ ತಳ್ಳಿ ಮೆಕ್ಯಾನಿಕರನ್ನು ಕರೆಸಬೇಕು. ಅವರು ಪ್ಲಗ್ ಬಿಚ್ಚಿ ನೀರು ಹೊರಹಾಕಿ, ಏರ್ ಫಿಲ್ಟರ್ ನೋಡಿ, ಆಯಿಲ್ ಪರೀಕ್ಷಿಸುತ್ತಾರೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ, ಬದಲಿಸದೆ ಓಡಿಸಕೂಡದು. ಎಂಜಿನ್ ಓಡುತ್ತಿದ್ದೂ ಗಾಡಿ ಮುಂದೆ ಸಾಗದಿದ್ದರೆ ಬೆಲ್ಟಿನ ಪೆಟ್ಟಿಗೆಗೆ ನೀರು ಹೋಗಿ ಬೆಲ್ಟ್ ಜಾರುತ್ತಿದೆ ಎಂದು ತಿಳಿಯಬೇಕು.

ಇಂದಿನ ಪೆಟ್ರೋಲ್ ಮತ್ತು ನೀರು

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. ಆ ಬಳಿಕ ಅದು ದೇಶದಾದ್ಯಂತ ಹರಡಿದೆ. ಎಥನಾಲ್ ನೀರನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ಟ್ಯಾಂಕಿಗೆ ಮಳೆನೀರು ಸೇರಿ ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎಂಜಿನ್ನಿಗೆ ಮೊದಲು ಹೋಗುವುದು ತಳದಲ್ಲಿರುವುದೇ. ಮಳೆಯಲ್ಲಿ ಬಯಲಲ್ಲಿ ನಿಂತ ಗಾಡಿ ಮರುದಿನ ನೂರು ಮಾರು ಓಡಿ ನಿಂತರೆ ಈ ಸಾಧ್ಯತೆಯನ್ನು ಮೆಕ್ಯಾನಿಕರ ಗಮನಕ್ಕೆ ತರಬೇಕು. ಟ್ಯಾಂಕ್ ಖಾಲಿ ಮಾಡಿಸಿ ಹೊಸ ಪೆಟ್ರೋಲ್ ತುಂಬಿಸುವುದೇ ಪರಿಹಾರ. ಈ ಬದಲಾವಣೆಗೆ ಮುನ್ನ ತಯಾರಾದ ಗಾಡಿಗಳ ರಬ್ಬರ್ ಕೊಳವೆಗಳು ಬಿರುಕು ಬಿಟ್ಟಿವೆಯೇ, ಉಬ್ಬಿವೆಯೇ ಎಂದು ಸರ್ವಿಸಿನ ವೇಳೆ ನೋಡಿಸುವುದು ಒಳಿತು.

ಊರಿಗೆ ಹೋಗಿ ಬಂದ ಮೇಲೆ

ಬೇಸಿಗೆ ರಜೆಯಲ್ಲಿ ಕುಟುಂಬಸಮೇತ ಊರಿಗೆ ಹೋಗಿ ತಿಂಗಳೊಪ್ಪತ್ತು ಉಳಿಯುವುದು ಹೊರನಾಡಿಗರ ರೂಢಿ. ಮರಳಿ ಬಂದಾಗ ಸ್ಕೂಟರ್ ಮೊದಲ ದಿನವೇ ಕೈಕೊಡುವುದೂ ಅಷ್ಟೇ ಸಾಮಾನ್ಯ. ನಿಂತಲ್ಲೇ ನಿಂತ ಗಾಡಿಯ ಬ್ಯಾಟರಿ ಇಳಿಯುತ್ತದೆ. ಕಾರ್ಬುರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಆವಿಯಾಗಿ ಅಂಟಿನಂಥ ಪದಾರ್ಥ ಉಳಿದು ಸೂಜಿಮೊನೆಯಷ್ಟಿರುವ ಜೆಟ್ ರಂಧ್ರಗಳನ್ನು ಕಟ್ಟುತ್ತದೆ.

ಹೊರಡುವ ಮುನ್ನ ಮೂರು ಕೆಲಸ ಮಾಡಿದರೆ ಸಾಕು. ಕಾರ್ಬುರೇಟರ್ ಗಾಡಿಯಾದರೆ ಅದರ ಬಟ್ಟಲನ್ನು ಮೆಕ್ಯಾನಿಕರಿಂದ ಖಾಲಿ ಮಾಡಿಸುವುದು; ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಡುವುದು; ಗಾಡಿಯನ್ನು ನೆರಳಿನಲ್ಲಿ ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸುವುದು. ನೆರೆಯವರು ವಾರಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಓಡಿಸುವಂತಿದ್ದರೆ ಇನ್ನೂ ಉತ್ತಮ. ಆಗ ಮೊದಲೆರಡು ಕೆಲಸಗಳ ಅಗತ್ಯವೇ ಇಲ್ಲ. ನಿಂತಲ್ಲಿಯೇ ಒಂದು ನಿಮಿಷ ಚಾಲೂ ಮಾಡಿ ಆರಿಸಿದರೆ ಬ್ಯಾಟರಿಗೆ ಲಾಭವಿಲ್ಲ. ಮುಚ್ಚಿದ ಗ್ಯಾರೇಜಿನಲ್ಲಂತೂ ಎಂಜಿನ್ ಓಡಿಸಬಾರದು; ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣಾಪಾಯಕಾರಿ.

ಮೆಕ್ಯಾನಿಕರಿಗೆ ಹೇಳಬೇಕಾದುದು

ಪರಭಾಷೆಯ ಊರಿನಲ್ಲಿ ಗಾಡಿಯ ಕಾಯಿಲೆಯನ್ನು ವಿವರಿಸುವುದೂ ಒಂದು ಕಲೆ. ಮುಂಬಯಿ, ಪುಣೆಗಳಲ್ಲಿ ಗಾಡಿ ‘ಬಂದ್ ಪಡಲೀ’ ಎನ್ನುತ್ತಾರೆ. ಕಾರ್ಬುರೇಟರಿನಲ್ಲಿ ಕಸ ಸಿಕ್ಕಿದರೆ ‘ಕಚರಾ ಆಗಯಾ’ ಎಂಬುದು ಗ್ಯಾರೇಜಿನ ನಿತ್ಯದ ಮಾತು. ಚೆನ್ನೈಯಲ್ಲಿ ‘ವಂಡಿ ನಿನ್ನು ಪೋಚ್ಚು’ ಎಂದರೆ ಸಾಕು. ಹೈದರಾಬಾದಿನಲ್ಲಿ ತೆಲುಗಿನವರು ‘ಬಂಡಿ ಆಗಿಪೋಯಿಂದಿ’ ಎಂದಾಗ ಹೊಸದಾಗಿ ಬಂದ ಕನ್ನಡಿಗರು ಗಾಬರಿಯಾಗಬೇಕಿಲ್ಲ. ನಮ್ಮ ಕಿವಿಗೆ ಗಾಡಿಯ ಕಥೆ ಮುಗಿದಂತೆ ಕೇಳಿಸಿದರೂ ಅಲ್ಲಿ ಅದರ ಅರ್ಥ ನಿಂತುಹೋಯಿತು ಎಂದಷ್ಟೇ.

ಯಾವ ಭಾಷೆಯಲ್ಲಾದರೂ ಐದು ವಿಷಯಗಳನ್ನು ಸ್ಪಷ್ಟವಾಗಿ ಹೇಳಬೇಕು: ಗಾಡಿ ಒಮ್ಮೆಲೇ ನಿಂತಿತೋ ಮುಗ್ಗರಿಸಿ ನಿಂತಿತೋ, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ನಿಂತ ಬಳಿಕ ಸೆಲ್ಫ್ ತಿರುಗುತ್ತಿದೆಯೋ ಇಲ್ಲವೋ, ನೀರಿನಲ್ಲಿ ಹೋಗಿತ್ತೋ, ಹಿಂದಿನ ಸರ್ವಿಸ್ ಯಾವಾಗ ಆಯಿತು. ‘ಚಾಲೂ ಆಗುತ್ತಿಲ್ಲ’ ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ಒಂದೊಂದೇ ಭಾಗವನ್ನು ಬದಲಿಸಿ ನೋಡಬೇಕಾಗುತ್ತದೆ. ಆ ಪ್ರಯೋಗದ ವೆಚ್ಚ ನಮ್ಮದೇ. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ನೋಡುವುದು ಗ್ರಾಹಕರ ಹಕ್ಕು. ಇದರಲ್ಲಿ ಸಂಕೋಚ ಬೇಡ.

ಮುನ್ನೆಚ್ಚರಿಕೆ

ಗಾಡಿ ನಿಲ್ಲದಂತೆ ನೋಡಿಕೊಳ್ಳುವುದು ನಿಂತ ಗಾಡಿಯನ್ನು ಸರಿಪಡಿಸುವುದಕ್ಕಿಂತ ಸುಲಭ. ಸಾಮಾನ್ಯ 110 ಸಿಸಿ ಸ್ಕೂಟರಿನಲ್ಲಿ ಎಂಜಿನ್ ಆಯಿಲ್ ಇರುವುದೇ ಒಂದು ಲೀಟರಿಗಿಂತ ಕಡಿಮೆ. ಆದುದರಿಂದ ತಿಂಗಳಿಗೊಮ್ಮೆ ಅಳತೆಕಡ್ಡಿ ತೆಗೆದು ನೋಡಬೇಕು. ಹಳೆಯ ಟೂ ಸ್ಟ್ರೋಕ್ ಗಾಡಿಗೆ ಲೀಟರ್ ಪೆಟ್ರೋಲಿಗೆ ಸುಮಾರು 20 ಮಿಲಿಲೀಟರ್ ಆಯಿಲ್ ಬೆರೆಸುವ ಲೆಕ್ಕವನ್ನು ಮರೆಯಬಾರದು. ಆಯಿಲ್ ಲೇಪಿತ ಕಾಗದದ ಏರ್ ಫಿಲ್ಟರನ್ನು ತೊಳೆಯಬಾರದು, ಗಾಳಿ ಊದಿಸಬಾರದು. ಕೈಪಿಡಿಯಲ್ಲಿ ಸೂಚಿಸಿದ ಕಿಲೋಮೀಟರಿಗೆ ಬದಲಿಸಬೇಕು. ಇಂಜೆಕ್ಷನ್ ಗಾಡಿಯ ಪಂಪು ಪೆಟ್ರೋಲಿನಲ್ಲಿ ಮುಳುಗಿದ್ದು ಅದರಿಂದಲೇ ತಂಪಾಗುತ್ತದೆ. ಯಾವಾಗಲೂ ಟ್ಯಾಂಕಿನ ತಳ ಕಾಣುವವರೆಗೆ ಓಡಿಸುವ ಅಭ್ಯಾಸ ಅದರ ಆಯುಸ್ಸನ್ನು ಕಡಿಮೆ ಮಾಡುತ್ತದೆ. ಪೆಟ್ರೋಲನ್ನು ಮುಚ್ಚಳದ ಕಂಠದವರೆಗೆ ತುಂಬಿಸುವುದೂ ತಪ್ಪು.

ಸೀಟಿನ ಕೆಳಗೆ ಒಂದು ಹೊಸ ಪ್ಲಗ್, ಪ್ಲಗ್ ಪಾನಾ, ಎರಡು ಫ್ಯೂಸ್, ಒಣ ಬಟ್ಟೆ, ಚಿಕ್ಕ ಟಾರ್ಚ್ ಇಟ್ಟುಕೊಳ್ಳಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ನಿಂತರೆ 1033, ಯಾವುದೇ ತುರ್ತು ಸಂದರ್ಭದಲ್ಲಿ 112 ಸಂಖ್ಯೆಗೆ ಕರೆ ಮಾಡಬಹುದು.

ಮನೆಯಲ್ಲಿ ಸ್ಕೂಟರ್ ಓಡಿಸುವವರು ಒಬ್ಬರಲ್ಲ. ಮಗಳು ಕಾಲೇಜಿಗೆ ಒಯ್ಯುತ್ತಾಳೆ, ಸೊಸೆ ಕಚೇರಿಗೆ ಒಯ್ಯುತ್ತಾಳೆ, ನಿವೃತ್ತರಾದ ಹಿರಿಯರು ತರಕಾರಿ ತರಲು ಒಯ್ಯುತ್ತಾರೆ. ಗಾಡಿಯ ಗುಣದೋಷ ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಅದು ನಿಲ್ಲುವುದು ಸಾಮಾನ್ಯವಾಗಿ ಉಳಿದವರ ಕೈಯಲ್ಲಿಯೇ. ಆದುದರಿಂದ ಒಂದು ರಜಾದಿನ ಎಲ್ಲರೂ ಗಾಡಿಯ ಸುತ್ತ ಸೇರಿ ಫ್ಯೂಸ್ ಎಲ್ಲಿದೆ, ಪ್ಲಗ್ ಎಲ್ಲಿದೆ, ಪಂಪಿನ ಸದ್ದು ಹೇಗಿರುತ್ತದೆ, ಕಿಕ್ಕಿನ ಪ್ರತಿರೋಧ ಎಷ್ಟಿರಬೇಕು ಎಂಬುದನ್ನು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ತಿಳಿದುಕೊಳ್ಳಬೇಕೆಂದು ಓದುಗರಲ್ಲಿ ನಮ್ಮ ವಿನಂತಿ. ಗಾಡಿ ಸುಸ್ಥಿತಿಯಲ್ಲಿರುವಾಗ ಹೇಗಿರುತ್ತದೆ ಎಂಬುದನ್ನು ಬಲ್ಲವರಿಗೆ, ಅದು ಕೆಟ್ಟಾಗ ಏನು ಕೆಟ್ಟಿದೆ ಎಂಬುದು ಬೇಗ ತಿಳಿಯುತ್ತದೆ.